ಸಾಲಗಾಮೆ ರಸ್ತೆಯ ಗಾಣದಂಗಡಿ: ಎಣ್ಣೆ ತಗೊಳ್ಳಿ, ಮೂಲಿಕೆ ತೈಲ ಬಿಡಿ

ನನ್ನ ಪಾರ್ಲರಲ್ಲಿ ಹೆಡ್ ಮಸಾಜ್ ಮಾಡಿಸ್ಕೊಂಡವರು ಕುರ್ಚಿಯಿಂದ ಏಳೋವಾಗ "ಅಕ್ಕ, ಈ ಎಣ್ಣೆ ಎಲ್ಲಿಂದ ತರ್ತೀರ?" ಅಂತ ಕೇಳದೆ ಹೋಗಲ್ಲ. ಒಬ್ಬೊಬ್ಬರಿಗೂ ದಾರಿ ಹೇಳಿ ಸಾಕಾಗಿದೆ. ಅದೂ ಅಲ್ಲದೆ ಕೆಲವರು ಅಲ್ಲಿಗೆ ಹೋಗಿ, ನಾನು ಹೇಳಿದ್ದನ್ನ ಬಿಟ್ಟು ಬೇರೆಯದನ್ನೆಲ್ಲ ಚೀಲ ತುಂಬಿಸ್ಕೊಂಡು ಬಂದು, "ನೀವು ಹೇಳಿದ ಅಂಗಡೀದೇ ಕಣಕ್ಕ" ಅಂತ ನನ್ನ ಮುಂದೆ ಸುರೀತಾರೆ. ಅದಕ್ಕೇ ಯಾವುದು ತಗೋಬೇಕು, ಯಾವುದು ಬೇಡ ಅಂತ ಬರೆದೇ ಬಿಡೋಣ ಅನ್ನಿಸ್ತು.

ಹಾಸನದಿಂದ ಸಾಲಗಾಮೆ ರಸ್ತೆ ಹಿಡಿದರೆ, ಊರು ಮುಗಿಯೋ ಮುಂಚೆ ಸಿಗೋ ಶೀಟಿನ ಶೆಡ್ಡು. ಬೋರ್ಡಲ್ಲಿ ಅಂಗಡಿ ಹೆಸರು ಮಳೆಗೆ ಅಳಿಸಿ ಹೋಗಿದೆ, "ಮರದ ಗಾಣದ ಎಣ್ಣೆ" ಅನ್ನೋದಷ್ಟೇ ಉಳಿದಿದೆ. ಎತ್ತು ಸುತ್ತುತ್ತಿರುತ್ತೆ, ಒಂದು ರೀಲ್ಸ್ ಮಾಡೋಣ ಅಂತ ಹೋಗೋರಿಗೆ ನಿರಾಸೆ. ಮೋಟರು, ಬೆಲ್ಟು, ಮರದ ಒರಳು, ಮರದ ಒನಕೆ, ಅಷ್ಟೇ. ಕರೆಂಟ್ ಹೋದರೆ ಗಾಣವೂ ನಿಂತಂತೆ. ಯಜಮಾನರು ಗಾಣದ ಹತ್ತಿರ ಇರ್ತಾರೆ, ಗಲ್ಲಾ ಪೆಟ್ಟಿಗೆ ಅವರ ಹೆಂಡತಿದು. ಆಯಮ್ಮನ ಹತ್ತಿರ ಚೌಕಾಸಿ ನಡೆಯಲ್ಲ. ಆದರೆ ಯಾವ ಡಬ್ಬಿ ಹಳೇದು, ಯಾವುದು ನಿನ್ನೆ ತೆಗೆದದ್ದು ಅಂತ ಕೇಳಿದರೆ ಮುಚ್ಚುಮರೆ ಮಾಡದೆ ಹೇಳ್ತಾರೆ. ನನಗೆ ಅದು ಮುಖ್ಯ.

ಒಂದು ಮಾತು ಮೊದಲೇ ಹೇಳ್ತೀನಿ. ಮರದ ಗಾಣ ಅಂದ ತಕ್ಷಣ ಅಮೃತ ಅಂತ ನಾನೇನೂ ನಂಬಿಲ್ಲ. ದೊಡ್ಡ ಮಿಲ್ಲಲ್ಲಿ ಎಣ್ಣೆ ಹಿಂಡೋ ಎಕ್ಸ್‌ಪೆಲ್ಲರ್ ಯಂತ್ರದ ಒತ್ತಡಕ್ಕೆ ಎಣ್ಣೆ ಕಾಯುತ್ತೆ, ಆಮೇಲೆ ಬಣ್ಣ ತೆಗೀತಾರೆ, ವಾಸನೆ ತೆಗೀತಾರೆ. ಅದನ್ನ ಮೈಗೆ ಹಚ್ಚಿದರೆ ಕೆಡುಕೇನೂ ಆಗಲ್ಲ. ಗಾಣದಲ್ಲಿ ನಿಧಾನಕ್ಕೆ ಅರೆಯೋದರಿಂದ ಎಣ್ಣೆ ಬೆಚ್ಚಗಾಗುತ್ತೆಯೇ ಹೊರತು ಸುಡಲ್ಲ, ಕಾಳಿನ ಘಮ ಎಣ್ಣೇಲೇ ಉಳಿಯುತ್ತೆ. ಮಸಾಜ್ ಮಾಡೋಳಿಗೆ ಆ ಘಮವೇ ಅರ್ಧ ಕೆಲಸ. ತಲೆ ಮುಟ್ಟೋ ಮುಂಚೆನೇ ಗಿರಾಕಿ ಭುಜ ಸಡಿಲ ಬಿಟ್ಟಿರ್ತಾರೆ.

ಈಗ ಕೊಬ್ಬರಿ ಎಣ್ಣೆ. ನಾನು ಹುಟ್ಟಿ ಬೆಳೆದದ್ದು ಅರಸೀಕೆರೆ ಕಡೆ, ಹಾಗಾಗಿ ಇದರ ವಿಷಯದಲ್ಲಿ ಸ್ವಲ್ಪ ಜಾಸ್ತಿನೇ ಮಾತಾಡ್ತೀನಿ. ಕಾಯನ್ನ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಆಗುತ್ತೆ, ಅಲ್ಲಾಡಿಸಿದರೆ ಚಿಪ್ಪಿನೊಳಗೆ ಗಡಗಡ ಅನ್ನುತ್ತೆ. ಒಳ್ಳೇ ಉಂಡೆಯೆಲ್ಲ ತಿಪಟೂರು, ಅರಸೀಕೆರೆ ಮಾರ್ಕೆಟ್ಟಿಗೆ ಹೋಗುತ್ತೆ. ಸುಲಿಯೋವಾಗ ಒಡೆದದ್ದು, ಚೂರು, ಇವು ಗಾಣಕ್ಕೆ. ನನ್ನ ತಮ್ಮ ಊರಿಂದ ಬರೋವಾಗ ಆ ಚೂರಿನ ಮೂಟೆ ತಂದು ಹಾಕ್ತಾನೆ, ನಾನು ಅದನ್ನ ಬಿಸಿಲಿಗೆ ಇನ್ನೊಂದು ಸಲ ಹರಡಿ ಗಾಣಕ್ಕೆ ಒಯ್ತೀನಿ. ಈ ಅಂಗಡಿಯ ದೊಡ್ಡ ಗುಣವೇ ಇದು. ನಿಮ್ಮ ಕೊಬ್ಬರಿ ನೀವು ತಂದರೆ ನಿಮ್ಮ ಕಣ್ಮುಂದೆನೇ ಆಡಿಸಿ ಕೊಡ್ತಾರೆ. ಕೂಲಿ ಕೊಟ್ಟರೆ ಎಣ್ಣೆ ನಿಮ್ಮದು, ಹಿಂಡಿನೂ ನಿಮ್ಮದು. ಮನೇಲಿ ಹಸು ಇಲ್ಲದವರು ಹಿಂಡಿ ಅಲ್ಲೇ ಬಿಟ್ಟರೆ ಕೂಲೀಲಿ ಮುರ್ಕೋತಾರೆ.

ತಂದ ಕೊಬ್ಬರಿನ ಯಜಮಾನರು ಮುರಿದು, ಮೂಸಿ ನೋಡ್ತಾರೆ. ಒಳಗೆ ಬೂಷ್ಟು ಕಂಡರೆ "ಇದನ್ನ ಆಡಿಸಲ್ಲ ತಾಯಿ, ಒರಳು ಕೆಡುತ್ತೆ" ಅಂತ ವಾಪಸ್ ಕೊಟ್ಟಿದ್ದೂ ನೋಡಿದೀನಿ. ಸರಿಯಾಗಿ ಒಣಗದ ಕೊಬ್ಬರೀಲಿ ತೆಗೆದ ಎಣ್ಣೆ ಬೇಗ ಕಮಟು ಹೊಡೆಯುತ್ತೆ. ಬಿಳೀ ಕಾಣಲಿ ಅಂತ ಗಂಧಕದ ಹೊಗೆ ಹಾಕಿದ ಕೊಬ್ಬರಿನೂ ಪೇಟೇಲಿ ಓಡಾಡುತ್ತೆ, ಅದನ್ನೂ ಇವರು ಒಳಗೆ ಬಿಟ್ಕೊಳ್ಳಲ್ಲ.

ಬೆಲೆ ಜಾಸ್ತಿ ಅಂತ ಗೊಣಗೋರು ಒಂದು ಲೆಕ್ಕ ಹಾಕಿ. ಒಂದು ಕೆಜಿ ಕೊಬ್ಬರಿಗೆ ಗಾಣದಲ್ಲಿ ಸಿಗೋದು ಸುಮಾರು 600 ಗ್ರಾಂ ಎಣ್ಣೆ. ಕೊಬ್ಬರಿ ಕೆಜಿಗೆ 250 ರೂಪಾಯಿ ಇದ್ದರೆ, ಒಂದು ಕೆಜಿ ಎಣ್ಣೆಗೆ ಕೊಬ್ಬರೀದೇ 400 ರೂಪಾಯಿ ದಾಟ್ತು. ಕೂಲಿ, ಕರೆಂಟು, ಬಾಡಿಗೆ ಇನ್ನೂ ಸೇರಿಲ್ಲ. ಅಂಥಾ ಹೊತ್ತಲ್ಲಿ ಯಾರಾದರೂ 300ಕ್ಕೆ "ಶುದ್ಧ ಗಾಣದ್ದು" ಅಂತ ಕೊಟ್ಟರೆ, ಅದರಲ್ಲಿ ಏನೇನಿದೆ ಅಂತ ಕೊಟ್ಟವರಿಗೇ ಗೊತ್ತು. ಇನ್ನೊಂದು ಗಮನಿಸಿ, ಇಲ್ಲಿ ಕೊಡೋದು ಕೆಜಿ ಲೆಕ್ಕ, ಪೇಟೆ ಪ್ಯಾಕೆಟ್ಟು ಲೀಟರ್ ಲೆಕ್ಕ. ಲೀಟರ್ ಎಣ್ಣೆ ತೂಗಿದರೆ ಹತ್ತಿರ ಹತ್ತಿರ 910 ಗ್ರಾಂ. ಎರಡನ್ನೂ ಒಂದೇ ಅಂದ್ಕೊಂಡು ಹೋಲಿಸಿ ಆಯಮ್ಮನ ಜೊತೆ ಜಗಳಕ್ಕೆ ನಿಲ್ಲಬೇಡಿ.

ಚಳಿಗಾಲದಲ್ಲಿ ಬರೋ ತಕರಾರು ಬೇರೆ. ಹಾಸನದ ಡಿಸೆಂಬರ್ ಚಳಿಗೆ ಈ ಎಣ್ಣೆ ಬೆಳಗ್ಗೆ ಬೆಣ್ಣೆ ಥರ ಕೂತಿರುತ್ತೆ. "ಮೇಣ ಬೆರೆಸಿದಾರೆ" ಅಂತ ಒಬ್ಬರು, "ಗಟ್ಟಿಯಾಯ್ತಲ್ಲ, ಹಾಗಾದ್ರೆ ಅಪ್ಪಟ" ಅಂತ ಇನ್ನೊಬ್ಬರು. ಇಬ್ಬರದೂ ತಪ್ಪು. ಕೊಬ್ಬರಿ ಎಣ್ಣೆ 24 ಡಿಗ್ರಿ ಸೆಲ್ಸಿಯಸ್ ಹತ್ತಿರ ಇಳಿದರೆ ಹೆಪ್ಪುಗಟ್ಟೋದು ಅದರ ಸ್ವಭಾವ. ಆದರೆ ತಾಳೆ ಬೀಜದ ಎಣ್ಣೆನೂ ಹಾಗೇ ಹೆಪ್ಪುಗಟ್ಟುತ್ತೆ. ಹಾಗಾಗಿ ವಾಟ್ಸಾಪಿನ ಫ್ರಿಜ್ ಪರೀಕ್ಷೆ ನಂಬ್ಕೊಂಡು ಕೂರಬೇಡಿ. ಬಾಟಲಿನ ಬಿಸಿನೀರಲ್ಲಿ ಇಟ್ಟು ಕರಗಿಸಿ, ನೇರ ಒಲೆ ಮೇಲೆ ಇಡಬೇಡಿ.

ತಲೆಕೂದಲಿಗೆ ಕೊಬ್ಬರಿ ಎಣ್ಣೆಯಷ್ಟು ಒಗ್ಗೋದು ಇನ್ನೊಂದಿಲ್ಲ ಅನ್ನೋದು ಬರೀ ಅಜ್ಜಿ ಮಾತಲ್ಲ. 2003ರಲ್ಲಿ ನಮ್ಮ ದೇಶದವರೇ ಕೊಬ್ಬರಿ, ಸೂರ್ಯಕಾಂತಿ, ಮಿನರಲ್ ಆಯಿಲ್ ಮೂರನ್ನೂ ಕೂದಲಿಗೆ ಹಚ್ಚಿ ಹೋಲಿಸಿ ನೋಡಿದ ಅಧ್ಯಯನ ಬಂತು. ಕೂದಲಿನ ಪ್ರೋಟೀನ್ ಸೋರಿಹೋಗೋದನ್ನ ತಡೆದದ್ದು ಕೊಬ್ಬರಿ ಎಣ್ಣೆ ಒಂದೇ. ಅದರಲ್ಲಿರೋ ಲಾರಿಕ್ ಆಮ್ಲದ ಕಣ ಸಣ್ಣದು, ನೆಟ್ಟಗಿರುತ್ತೆ, ಕೂದಲಿನೊಳಗೆ ಇಳಿಯುತ್ತೆ. ಹಾಗಾಗಿ ಎಣ್ಣೆನ ತಲೆಗೆ ನೀರು ಹಾಕೋ ಮುಂಚೆ ಹಚ್ಚಿ. ಕೂದಲು ಉದುರೋದು ನಿಲ್ಲುತ್ತೆ, ಬೋಳಾದಲ್ಲಿ ಮೊಳೆಯುತ್ತೆ ಅಂತ ಮಾತ್ರ ನಾನು ಯಾರಿಗೂ ಹೇಳಲ್ಲ. ಹೆರಿಗೆಯಾಗಿ ಮೂರ್ನಾಲ್ಕು ತಿಂಗಳಿಗೆ ಉದುರೋ ಕೂದಲು ತಾನಾಗೇ ವಾಪಸ್ ಬರುತ್ತೆ. ಹಾಗಲ್ಲದೆ ಬಾಚಣಿಗೆ ತುಂಬ ಉದುರ್ತಿದ್ರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡು, ಕಬ್ಬಿಣದ ಅಂಶ ನೋಡಿಸಿ, ಆಮೇಲೆ ನನ್ನ ಹತ್ತಿರ ಬನ್ನಿ.

ಮುಖಕ್ಕೆ? ಬೇಡ. ಅದರಲ್ಲೂ ಮೊಡವೆ ಇರೋ ಕಾಲೇಜು ಹುಡುಗೀರು ರಾತ್ರಿಯೆಲ್ಲ ಕೊಬ್ಬರಿ ಎಣ್ಣೆ ಹಚ್ಕೊಂಡು ಮಲಗಿ ಬೆಳಗ್ಗೆ ಅಳ್ತಾ ಬರ್ತಾರೆ. ಈ ಎಣ್ಣೆ ರಂಧ್ರ ಮುಚ್ಚೋ ಜಾತಿದು. ತಲೆಹೊಟ್ಟು ಇರೋರಿಗೂ ಅದೇ ಮಾತು. ಹೊಟ್ಟು ಅಂದರೆ ಒಣಗಿದ ಚರ್ಮ ಅಂತ ತಿಳಿದು ಎಣ್ಣೆ ಮೇಲೆ ಎಣ್ಣೆ ಹಾಕಿ ವಾರಗಟ್ಟಲೆ ತೊಳೀದೆ ಬಿಡ್ತಾರೆ. ಹೊಟ್ಟಿಗೆ ಕಾರಣವಾದ ಸೂಕ್ಷ್ಮ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ನೀವು ಅದಕ್ಕೆ ಊಟ ಬಡಿಸ್ತಿದೀರ ಅಷ್ಟೇ.

ಮೈಗೆ ಹಚ್ಚೋಕೆ ಇಲ್ಲಿ ನನ್ನ ಆಯ್ಕೆ ಎಳ್ಳೆಣ್ಣೆ. ಆಡಿಸೋವಾಗ ಒಂದು ತುಂಡು ಬೆಲ್ಲ ಹಾಕ್ತಾರೆ, ಎಣ್ಣೆ ಬಿಟ್ಕೊಳ್ಳೋಕೆ ಅನುಕೂಲ ಅಂತ. ಹೊಸದಾಗಿ ತೆಗೆದದ್ದು ಮಬ್ಬಾಗಿರುತ್ತೆ, ಎರಡು ಮೂರು ದಿನ ಬಿಸಿಲಲ್ಲಿ ಇಟ್ಟರೆ ಗಷ್ಟು ತಳಕ್ಕೆ ಕೂತು ತಿಳಿಯಾಗುತ್ತೆ. ಎಳ್ಳಿನೊಳಗೇ ಎಣ್ಣೆ ಕೆಡದಂತೆ ಕಾಯೋ ಗುಣದ ಅಂಶಗಳು ಇರೋದರಿಂದ ಇದು ಬೇಗ ಕಮಟಾಗಲ್ಲ. ನಮ್ಮತ್ತೆ ಸಕಲೇಶಪುರದ ಕಡೆಯವರು, ಮಳೆಗಾಲದ ಥಂಡಿಗೆ ಮಂಡಿಗೆ ಇದನ್ನೇ ಬೆಚ್ಚಗೆ ಮಾಡಿ ತಿಕ್ಕಿಸ್ಕೊಳ್ಳೋದು. ನೋವು ಎಣ್ಣೆಗೆ ಹೋಯ್ತೋ ತಿಕ್ಕಿದ ಕೈಗೆ ಹೋಯ್ತೋ ಅಂತ ನಾನು ಕೇಳೋಕೆ ಹೋಗಲ್ಲ, ಕೇಳಿದರೆ ದಿನಾ ತಿಕ್ಕಬೇಕಾಗುತ್ತೆ.

ಹೋದ ವರ್ಷ ನನ್ನೊಬ್ಬ ಗಿರಾಕಿ ಚಿಕ್ಕಮಗಳೂರಿನ ಬೆಟ್ಟದ ಕಡೆ ಒಂದು ರೆಸಾರ್ಟಿಗೆ ಹೋಗಿ ಅಭ್ಯಂಗ ಮಾಡಿಸ್ಕೊಂಡು ಬಂದ್ರು. ಸಾವಿರಗಟ್ಟಲೆ ಬಿಲ್ಲು. ಹಿತ್ತಾಳೆ ಬಟ್ಟಲು, ತಾವರೆ ಹೂವು, ಕೊಳಲಿನ ಸದ್ದು. ಬಾಟಲಿ ಮೇಲೆ ಓದ್ಕೊಂಡು ಬಂದಿದ್ರು, ಅದರಲ್ಲಿದ್ದದ್ದೂ ಎಳ್ಳೆಣ್ಣೆನೇ. ನಗೋಕೆ ಹೇಳ್ತಿಲ್ಲ, ಅಲ್ಲಿ ದುಡ್ಡು ಕೊಡೋದು ಪಳಗಿದ ಕೈಗೆ. ನನ್ನ ಕೈಗೂ ಜನ ದುಡ್ಡು ಕೊಡ್ತಾರಲ್ಲ.

ಇನ್ನು ಹರಳೆಣ್ಣೆ. ಈ ಅಂಗಡೀಲಿ ನಾನು ಬಿಡದೆ ತರೋ ಮಾಲು ಇದೇ, ಆದರೆ ಇದು ಗಾಣದ್ದಲ್ಲ. ಅರಸೀಕೆರೆ ಕಡೆ ಹಳ್ಳಿಯ ಹೆಣ್ಣುಮಗಳೊಬ್ಬರು ಕಾಯಿಸಿ ಕಳಿಸ್ತಾರೆ. ನಮ್ಮ ಕಡೆ ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಹರಳು ಹಾಕೋರು. ಬೀಜ ಹುರಿದು, ಒರಳಲ್ಲಿ ಕುಟ್ಟಿ, ನೀರಿಗೆ ಹಾಕಿ ಕುದಿಸಿದರೆ ಎಣ್ಣೆ ಮೇಲೆ ತೇಲುತ್ತೆ. ಅದನ್ನ ಸೌಟಲ್ಲಿ ತೆಗೆದು ಮತ್ತೆ ಕಾಯಿಸಿ ನೀರಿನ ಪಸೆ ಹೋಗಿಸ್ತಾರೆ. ಇಡೀ ದಿನದ ಕೆಲಸ, ಹೊಗೆಗೆ ಕಣ್ಣು ಕೆಂಪಾಗುತ್ತೆ. ಬೀಜದಲ್ಲಿ ರೈಸಿನ್ ಅನ್ನೋ ವಿಷ ಇದೆ. ಅದು ಎಣ್ಣೆಗೆ ಬರಲ್ಲ, ಚರಟದಲ್ಲೇ ಉಳಿಯುತ್ತೆ. ಅದಕ್ಕೇ ಹರಳಿನ ಹಿಂಡಿ ಹೊಲಕ್ಕೆ ಗೊಬ್ಬರ, ದನಕ್ಕಲ್ಲ. ಪೇಟೆಯ ಹರಳೆಣ್ಣೆಗೆ ನೀರಿನಂತೆ ಬಣ್ಣವೇ ಇರಲ್ಲ, ಇದು ಕಂದು ಬಣ್ಣ, ಹುರಿದ ವಾಸನೆ, ಬೆರಳಿಂದ ಇಳಿಯೋಕೆ ಮನಸ್ಸೇ ಇಲ್ಲದಷ್ಟು ಮಂದ. ಕೊಡೋದು ಮಾತ್ರ ತೊಳೆದ ಕ್ವಾರ್ಟರ್ ಬಾಟಲೀಲಿ. ಬಸ್ಸಲ್ಲಿ ಚೀಲದಿಂದ ಅದರ ಕತ್ತು ಹೊರಗೆ ಕಂಡು ಪಕ್ಕದವರು ನನ್ನ ನೋಡಿದ ನೋಟ ಇನ್ನೂ ನೆನಪಿದೆ.

ಒಡೆದ ಹಿಮ್ಮಡಿಗೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡೋದನ್ನ ನಾನು ಕಂಡಿಲ್ಲ. ರಾತ್ರಿ ಕಾಲು ಬಿಸಿನೀರಲ್ಲಿ ಇಟ್ಟು, ಒರೆಸಿ, ಹಸಿ ಇರೋವಾಗಲೇ ಹಚ್ಚಿ ಸಾಕ್ಸ್ ಹಾಕ್ಕೊಳ್ಳಿ. ನೀರಿನ ಪಸೆಯನ್ನ ಒಳಗೇ ಹಿಡಿದಿಡೋದು ಎಣ್ಣೆಯ ಕೆಲಸ, ಒಣ ಕಾಲಿಗೆ ಹಚ್ಚಿದರೆ ಅರ್ಧ ಲಾಭ. ಸಕ್ಕರೆ ಕಾಯಿಲೆ ಇದ್ದು ಹಿಮ್ಮಡಿ ಸೀಳಿ ರಕ್ತ ಬರ್ತಿದ್ರೆ ಎಣ್ಣೆ ನಂಬಬೇಡಿ, ಡಾಕ್ಟರ ಹತ್ತಿರ ಹೋಗಿ.

ತಲೆಗೆ ಹರಳೆಣ್ಣೆ ಹಾಕೋರು ಬರೀ ಅದನ್ನೇ ಸುರಿಯಬೇಡಿ. ಒಂದು ಪಾಲಿಗೆ ಮೂರು ಪಾಲು ಕೊಬ್ಬರಿ ಎಣ್ಣೆ ಸೇರಿಸಿ. ಉದ್ದ ಕೂದಲಿನ ಹುಡುಗಿಯೊಬ್ಬಳು ಯಾವುದೋ ವಿಡಿಯೋ ನೋಡಿ ಬರೀ ಹರಳೆಣ್ಣೆ ಮೆತ್ತಿ, ಮಾರನೇ ದಿನ ಕೂದಲನ್ನೆಲ್ಲ ನೆತ್ತಿ ಮೇಲೆ ಗುಪ್ಪೆ ಹಾಕಿ ತಿಕ್ಕಿ ತೊಳೆದಿದ್ಲು. ಬಿಡಿಸೋಕೆ ಆಗದಷ್ಟು ಗಂಟು. ಕೊನೆಗೆ ಕತ್ತರಿನೇ ಹಾಕಬೇಕಾಯ್ತು. ಅವಳಮ್ಮ ನನ್ನ ಪಾರ್ಲರಲ್ಲೇ ಅತ್ತುಬಿಟ್ರು.

ಎಣ್ಣೆ ತೆಗೆಯೋಕೆ ಇಲ್ಲೇ ಸಿಗೋ ಸೀಗೆಪುಡಿ, ಚಿಗರೆಪುಡಿ ಎರಡೂ ಚೆನ್ನಾಗಿವೆ. ಸೀಗೆಕಾಯಿ ಮಲೆನಾಡಿಂದ ತರಿಸಿ, ಬೀಜ ತೆಗೆದು ಬೀಸ್ತಾರೆ. ಸಣ್ಣಗಿದೆ, ತಲೇಲಿ ಮರಳು ಕೂರಲ್ಲ. ಒಣ ಕೂದಲಿನವರಿಗೆ ನಾನು ಚಿಗರೆಪುಡಿ ಅಂತೀನಿ, ಲೋಳೆ ಲೋಳೆಯಾಗಿ ಜಿಡ್ಡು ಬಿಡಿಸುತ್ತೆ. ಎರಡೂ ಕಣ್ಣಿಗೆ ಬಿದ್ದರೆ ಉರಿ, ಮಕ್ಕಳಿಗೆ ಹುಷಾರು.

ಬೇಡ ಅಂದಿದ್ದು ಯಾವುದು ಅಂತ ಕಾಯ್ತಿದೀರ ಅಲ್ವಾ. ಮೊದಲನೇದು, ಗಾಜಿನ ಬಾಟಲೀಲಿ ಹಸಿರು ಲೇಬಲ್ ಹಚ್ಚಿ ಸಾಲಾಗಿ ಇಟ್ಟಿರೋ "ಮೂಲಿಕೆ ಕೇಶ ತೈಲ". ಇಪ್ಪತ್ತೊಂದು ಗಿಡಮೂಲಿಕೆ ಅಂತ ಬರೆದಿದೆ, ಯಾವುದು ಎಷ್ಟು ಅಂತ ಇಲ್ಲ. ತಯಾರಾದ ತಾರೀಕು ಇಲ್ಲ, ಪರವಾನಗಿ ನಂಬರೂ ಕಾಣಲಿಲ್ಲ. ಮಾರಾಟಕ್ಕೆ ಇಡೋ ಕೇಶ ತೈಲಕ್ಕೆ ಕಾನೂನಿನ ಪ್ರಕಾರ ತಾರೀಕು, ಪರವಾನಗಿ ನಂಬರು ಎರಡೂ ಬೇಕು. ಮುಚ್ಚಳ ತೆಗೆದರೆ ಮಲ್ಲಿಗೆ ಸೆಂಟು ಮೂಗಿಗೆ ಹೊಡೆಯುತ್ತೆ, ಸೊಪ್ಪಿನ ವಾಸನೆ ಹುಡುಕಬೇಕು. ಬಣ್ಣ ಗಿಳಿ ಹಸಿರು. ಸೊಪ್ಪು ಹಾಕಿ ಪಾಕ ಬರೋ ತನಕ ಕಾಯಿಸಿದ ಎಣ್ಣೆ ಆ ಬಣ್ಣಕ್ಕೆ ನಿಲ್ಲಲ್ಲ, ಕಪ್ಪು ಹಸಿರಿಗೆ ತಿರುಗುತ್ತೆ. ಯಜಮಾನರನ್ನ ಕೇಳಿದೆ. "ಅದು ನಮ್ಮದಲ್ಲ ತಾಯಿ, ಹೊರಗಿಂದ ಬರೋದು, ಗಿರಾಕಿ ಕೇಳ್ತಾರೆ ಇಟ್ಟಿದೀನಿ" ಅಂದ್ರು. ಒರಳು ಕೆಡುತ್ತೆ ಅಂತ ಬೂಷ್ಟು ಕೊಬ್ಬರಿ ವಾಪಸ್ ಕೊಡೋ ಮನುಷ್ಯ, ಇದನ್ನ ಹೇಗೆ ಒಳಗೆ ಬಿಟ್ಕೊಂಡ್ರು ಅಂತ ನನಗೆ ಬೇಜಾರಾಯ್ತು.

ಇದರ ಬದಲು ಇವರದೇ ಕೊಬ್ಬರಿ ಎಣ್ಣೆ ತಗೊಂಡು ಮನೇಲಿ ಕಾಯಿಸ್ಕೊಳ್ಳಿ. ತಣ್ಣೀರುಹಳ್ಳದ ಎಸ್‌ಡಿಎಂ ಆಯುರ್ವೇದ ಕಾಲೇಜಲ್ಲಿ ಓದ್ತಿದ್ದ ಹುಡುಗಿ ಥ್ರೆಡಿಂಗಿಗೆ ಬರ್ತಿದ್ಲು, ಅವಳು ಶಾಸ್ತ್ರದ ಅಳತೆ ಹೇಳಿಕೊಟ್ಟಳು: ಅರೆದ ಮೂಲಿಕೆ ಒಂದು ಪಾಲು, ಎಣ್ಣೆ ನಾಲ್ಕು ಪಾಲು, ರಸವೋ ಕಷಾಯವೋ ಹದಿನಾರು ಪಾಲು. ನಾನು ಗರಗದ ಸೊಪ್ಪು (ಭೃಂಗರಾಜ) ಅರೆದು ಹಾಕಿ, ಅದರದೇ ರಸ ಹಿಂಡ್ತೀನಿ. ಗದ್ದೆ ಬದೀಲಿ ಬೇಕಾದಷ್ಟು ಬೆಳೆದಿರುತ್ತೆ, ಕಿವುಚಿದರೆ ಕೈ ಕಪ್ಪಾಗುತ್ತೆ, ಅದೇ ಗುರುತು. ಹದಿನಾರು ಪಾಲು ರಸ ಆರಬೇಕು ಅಂದರೆ ಸಣ್ಣ ಉರೀಲಿ ಗಂಟೆಗಟ್ಟಲೆ ಹಿಡಿಯುತ್ತೆ, ತಳ ಹಿಡಿಯದ ದಪ್ಪ ಪಾತ್ರೆ ಬೇಕು. ಎಣ್ಣೆ ಮೇಲೆ ನೊರೆ ಎದ್ದಾಗ ಹತ್ತಿರ ಬಂತು ಅಂತ ಅರ್ಥ. ತಳದ ಚರಟ ಸ್ವಲ್ಪ ತೆಗೆದು ಬೆರಳಲ್ಲಿ ಬತ್ತಿ ಥರ ಹೊಸೆದು ಬೆಂಕಿಗೆ ಹಿಡೀರಿ. ಚಟಪಟ ಅಂದರೆ ನೀರಿದೆ, ಇನ್ನೂ ಕಾಯಿಸಬೇಕು. ಸದ್ದಿಲ್ಲದೆ ಉರಿದರೆ ಇಳಿಸಿ. ನೀರು ಉಳಿದ ಎಣ್ಣೆ ಹದಿನೈದು ದಿನಕ್ಕೇ ಬೂಷ್ಟು ಹಿಡಿಯೋದು ಇದಕ್ಕೇ.

ಎರಡನೇದು ಕಸ್ತೂರಿ ಅರಿಶಿನ. ಪೊಟ್ಟಣದ ಮೇಲೆ ಹಾಗಂತ ಇದೆ, ಒಳಗೆ ಕಣ್ಣು ಕುಕ್ಕೋ ಹಳದಿ. ನಿಜವಾದ ಕಸ್ತೂರಿ ಅರಿಶಿನದ ಪುಡಿ ಮಾಸಲು ಕೆನೆ ಬಣ್ಣ, ಕರ್ಪೂರದ ಹಾಗೆ ಘಮ, ಮುಖಕ್ಕೆ ಹಳದಿ ಹಿಡಿಯಲ್ಲ. ಇದನ್ನ ಹಚ್ಚಿದರೆ ಎರಡು ದಿನ ಮದುಮಗಳ ಮುಖ. ಮದುವೆಗೆ ಮುಂಚೆ ಬರೋ ಹುಡುಗೀರಿಗೆ ನಾನು ಬೇರು ತಂದು ತೇಯ್ದು ಹಚ್ಚೋದು. ಗಂಧದ ಪುಡಿ ಪೊಟ್ಟಣಾನೂ ಇಟ್ಟಿದಾರೆ. ಶ್ರೀಗಂಧದ ಮರದ ಕೆಜಿ ಬೆಲೆ ಸಾವಿರಗಳ ಲೆಕ್ಕದಲ್ಲಿದೆ, 30 ರೂಪಾಯಿ ಪೊಟ್ಟಣದಲ್ಲಿ ಅದು ಎಲ್ಲಿಂದ ಬರಬೇಕು?

ಇದಕ್ಕೆಲ್ಲ ನಿಂಬೆರಸ ಸೇರಿಸಿ ಹಚ್ಕೊಳ್ಳೋ ಚಟ ಇದ್ದರೆ ಬಿಡಿ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ನಿಲ್ಲುತ್ತೆ, ತಿಂಗಳುಗಟ್ಟಲೆ ಹೋಗಲ್ಲ. ಯಾವ ಹೊಸ ಎಣ್ಣೆ, ಯಾವ ಹೊಸ ಪುಡಿ ಆದರೂ ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ನೋಡಿ. ಸೊಪ್ಪಿನದು ತಾನೇ, ಏನಾಗುತ್ತೆ ಅನ್ನೋರಿಗೆ ತುರಚೆ ಸೊಪ್ಪೂ ಸೊಪ್ಪೇ ಅಂತೀನಿ. ಕೂಸಿಗೆ ಎಣ್ಣೆ ಹಚ್ಚೋ ಅಜ್ಜಿಯಂದಿರು ಮೈಗೆ ಎಷ್ಟು ಬೇಕಾದರೂ ತಿಕ್ಕಲಿ, ಮೂಗಿಗೆ ಕಿವಿಗೆ ಮಾತ್ರ ಬಿಡಬಾರದು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತೆ.

ಹೋಗೋರು ಮನೆಯಿಂದ ಸ್ಟೀಲ್ ಕ್ಯಾನ್ ಒಯ್ಯಿರಿ. ಅಲ್ಲಿ ತುಂಬಿಸಿ ಕೊಡೋದು ಹಳೇ ನೀರಿನ ಬಾಟಲಿಗೆ, ಅದೂ ಬಿಸಿಲು ಬೀಳೋ ಕಟ್ಟೆ ಮೇಲೆ ಸಾಲಾಗಿ ಇಟ್ಟಿರ್ತಾರೆ. ಬೆಳಕಿಗೆ ಎಣ್ಣೆ ಬೇಗ ಕೆಡುತ್ತೆ ಅಂತ ಹೇಳಿ ನೋಡಿದೆ, ಆಯಮ್ಮ ಒಂದು ಗೋಣಿಚೀಲ ಮುಚ್ಚಿದ್ರು. ಮುಂದಿನ ಸಲ ಹೋದಾಗ ಗೋಣಿಚೀಲ ಬಾಗಿಲ ಮುಂದೆ ಕಾಲೊರೆಸೋಕೆ ಬಿದ್ದಿತ್ತು.

ಬೆಳಗ್ಗೆ ಹತ್ತರ ಮೇಲೆ ಹೋದರೆ ಗಾಣ ಆಡ್ತಿರುತ್ತೆ. ನಿಮ್ಮ ಕೊಬ್ಬರಿ ಆಡಿಸೋದಿದ್ರೆ ಹಿಂದಿನ ದಿನವೇ ಹೇಳಿರಿ, ಒಂದು ಒರಳಿಗೆ ಸುಮಾರು ಗಂಟೆ ಹಿಡಿಯುತ್ತೆ. ದೀಪಾವಳಿ ಎಣ್ಣೆ ಸ್ನಾನಕ್ಕೆ ಬೇಕಾದವರು ನವರಾತ್ರಿ ಹೊತ್ತಿಗೇ ತಂದಿಟ್ಕೊಳ್ಳಿ. ಹಾಸನಾಂಬೆ ಬಾಗಿಲು ತೆಗೆದ ಮೇಲೆ ಊರೊಳಗೆ ಸ್ಕೂಟಿ ನುಗ್ಗಿಸೋಕೂ ಜಾಗ ಇರಲ್ಲ, ಆ ವಾರ ಹರಳೆಣ್ಣೆಯಂತೂ ಮಧ್ಯಾಹ್ನಕ್ಕೇ ಖಾಲಿ. ಫೋನ್‌ಪೇ ನಡೆಯುತ್ತೆ, 500ರ ನೋಟಿಗೆ ಚಿಲ್ಲರೆ ಕೇಳಬೇಡಿ.